ಹಳೆಯ ಆಟಕ್ಕೆ ಹೊಸ ಯಂತ್ರ

ಸರಳ ಲೋಲಕದ ಪ್ರಯೋಗವನ್ನು ಮಾಡದೆ ಭೌತವಿಜ್ಞಾನದ ತರಗತಿಯನ್ನು ದಾಟಿದ ವಿದ್ಯಾರ್ಥಿ ಇರಲಾರನು. ಒಂದು ದಾರ, ಒಂದು ಲೋಹದ ಗುಂಡು, ಒಂದು ನಿಲ್ಲುಗಡಿಯಾರ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕುವುದು. ಈಗ ಅನೇಕ ಪ್ರಯೋಗಶಾಲೆಗಳಲ್ಲಿ ಗುಂಡು ಹಾದುಹೋಗುವುದನ್ನು ಬೆಳಕಿನ ಕಿರಣವೊಂದು ಗುರುತಿಸುತ್ತದೆ. ವಿದ್ಯುನ್ಮಾನ ಗಡಿಯಾರವು ಕಾಲವನ್ನು ಸೆಕೆಂಡಿನ ಸಾವಿರದಲ್ಲೊಂದು ಅಂಶದವರೆಗೆ ತೋರಿಸುತ್ತದೆ. ಉಪಕರಣ ಬದಲಾಯಿತು, ಲೋಲಕದ ನಿಯಮ ಬದಲಾಗಲಿಲ್ಲ. ಆದರೆ ಹಳೆಯ ಕ್ರಮದಲ್ಲಿ ವಿದ್ಯಾರ್ಥಿಯು ತಾನಾಗಿ ಕಲಿಯುತ್ತಿದ್ದ ಒಂದು ಸಂಗತಿ ಹೊಸ ಕ್ರಮದಲ್ಲಿ ಮರೆಯಾಗುತ್ತದೆ. ಕಣ್ಣು ಕಂಡುದಕ್ಕೆ ಬೆರಳು ಉತ್ತರ ಕೊಡುವಷ್ಟರಲ್ಲಿ ಸೆಕೆಂಡಿನ ಸುಮಾರು ಐದರಲ್ಲೊಂದು ಭಾಗ ಕಳೆದುಹೋಗಿರುತ್ತದೆ ಎಂಬುದೇ ಆ ಸಂಗತಿ.

ಹಳೆಯದನ್ನು ಹೊಸ ಸಾಧನದಿಂದ ಮತ್ತೆ ಮಾಡುವಾಗ ಏನು ಉಳಿಯಬೇಕು, ಏನು ಹೋದರೆ ನಷ್ಟವಿಲ್ಲ ಎಂಬ ಪ್ರಶ್ನೆ ಹೀಗೆ ಹುಟ್ಟುತ್ತದೆ. ಈ ಪ್ರಶ್ನೆಯನ್ನು ನಾನಿಲ್ಲಿ ಪ್ರಯೋಗಶಾಲೆಯ ಹೊರಗೆ, ತರುಣರಿಗೆ ಪ್ರಿಯವಾದ ವಿಡಿಯೊ ಆಟಗಳ ಕ್ಷೇತ್ರದಲ್ಲಿ ಎತ್ತಿಕೊಳ್ಳುತ್ತೇನೆ. ವಿಜ್ಞಾನ ಪತ್ರಿಕೆಯಲ್ಲಿ ಆಟಕ್ಕೆ ಸ್ಥಳವೇಕೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಬೆಳಕು, ಶಬ್ದ, ಚಲನೆ, ಗಣಿತ ಇವೆಲ್ಲವೂ ಕೂಡಿ ಕೆಲಸಮಾಡುವ ಯಂತ್ರವೊಂದು ಮಕ್ಕಳ ಕೈಯಲ್ಲಿರುವಾಗ ಅದರ ಒಳಗನ್ನು ವಿಚಾರಿಸದೆ ಬಿಡುವುದೇ ವಿಜ್ಞಾನಕ್ಕೆ ಸಲ್ಲದ ನಡತೆಯೆಂದು ನನ್ನ ಎಣಿಕೆ.

1998ರ ನವೆಂಬರ್ 21ರಂದು ಜಪಾನಿನ ನಿಂಟೆಂಡೊ ಸಂಸ್ಥೆಯು ತನ್ನ ನಿಂಟೆಂಡೊ 64 ಎಂಬ ಯಂತ್ರಕ್ಕಾಗಿ ‘ದಿ ಲೆಜೆಂಡ್ ಆಫ್ ಜೆಲ್ಡಾ: ಓಕರಿನಾ ಆಫ್ ಟೈಮ್’ ಎಂಬ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ ಅದರ ನಿರ್ಮಾಪಕರು. ಕೊಜಿ ಕೊಂಡೊ ಸಂಗೀತ ರಚಿಸಿದವರು. ಜಪಾನಿನ ‘ಫಾಮಿತ್ಸು’ ಪತ್ರಿಕೆಯಿಂದ ನಲವತ್ತಕ್ಕೆ ನಲವತ್ತು ಅಂಕಗಳನ್ನು ಪಡೆದ ಮೊದಲ ಆಟ ಇದೇ. ಕಥೆ ಸರಳವಾದುದು. ಕಾಡಿನಲ್ಲಿ ಬೆಳೆದ ಲಿಂಕ್ ಎಂಬ ಬಾಲಕನು ಕಾಲದೇಗುಲದಲ್ಲಿ ನಾಟಿದ್ದ ಕತ್ತಿಯನ್ನು ಕಿತ್ತೊಡನೆ ಏಳು ವರ್ಷಗಳ ನಿದ್ರೆಗೆ ಒಳಗಾಗಿ, ಎದ್ದಾಗ ತರುಣನಾಗಿರುತ್ತಾನೆ. ಹೈರೂಲ್ ರಾಜ್ಯವು ಅಷ್ಟರಲ್ಲಿ ದುಷ್ಟನ ವಶವಾಗಿರುತ್ತದೆ. ಕತ್ತಿಯನ್ನು ಮತ್ತೆ ಸ್ವಸ್ಥಾನದಲ್ಲಿಟ್ಟರೆ ಅವನು ಬಾಲ್ಯಕ್ಕೆ ಹಿಂದಿರುಗಬಹುದು. ಬಾಲಕನಾಗಿ ಬಿತ್ತಿದ ಮಾಯಾಬೀಜವು ತರುಣನಾಗಿ ಬಂದು ನೋಡಿದಾಗ ಬೆಳೆದು ಗಿಡವಾಗಿ ನಿಂತಿರುತ್ತದೆ. ಕಾರ್ಯಕಾರಣ ಸಂಬಂಧವನ್ನು ಮಕ್ಕಳ ಕೈಗೆ ಇಷ್ಟು ಪ್ರತ್ಯಕ್ಷವಾಗಿ ಕೊಟ್ಟ ಆಟಗಳು ಅಂದು ವಿರಳವಾಗಿದ್ದುವು.

ಆ ಇಡೀ ಜಗತ್ತು 32 ಮೆಗಾಬೈಟಿನ ಒಂದು ಡಬ್ಬಿಯಲ್ಲಿ ಅಡಗಿತ್ತು. ಇಂದಿನ ದೂರವಾಣಿಯಿಂದ ತೆಗೆದ ಕೆಲವೇ ಛಾಯಾಚಿತ್ರಗಳು ಅಷ್ಟು ಸ್ಥಳವನ್ನು ತುಂಬಿಬಿಡುತ್ತವೆ. ಯಂತ್ರದ ಕ್ಷಣಸ್ಮೃತಿಯಾದರೋ ಕೇವಲ 4 ಮೆಗಾಬೈಟು.

2011ರ ಜೂನ್ ತಿಂಗಳಿನಲ್ಲಿ ಇದೇ ಆಟವು ಗ್ರೆಜ್ಜೊ ಎಂಬ ಸಂಸ್ಥೆಯ ಕೈಯಲ್ಲಿ ಪುನರ್ನಿರ್ಮಾಣಗೊಂಡು, ನಿಂಟೆಂಡೊ 3ಡಿಎಸ್ ಎಂಬ ಕೈಯಂತ್ರಕ್ಕೆ ಬಂದಿತು. ಮೊದಲು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಆಡಬೇಕಾಗಿದ್ದುದನ್ನು ಈಗ ಅಂಗೈಯಲ್ಲಿ ಹಿಡಿದು ಆಡಬಹುದಾಯಿತು. ನಾನು ಎರಡು ರೂಪಗಳನ್ನೂ ಆಡಿದ್ದೇನೆ. ಎರಡನೆಯದನ್ನು ಮುಗಿಸಿದ ಮೇಲೆ ನನಗೆ ತೋರಿದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಆಟದಲ್ಲಿಯೂ ಎರಡು ಬಗೆಯ ಕಷ್ಟಗಳಿರುತ್ತವೆ: ಸಮಸ್ಯೆಗೆ ಸೇರಿದ ಕಷ್ಟ ಒಂದು, ಉಪಕರಣಕ್ಕೆ ಸೇರಿದ ಕಷ್ಟ ಇನ್ನೊಂದು. ಪುನರ್ನಿರ್ಮಾಣ ಮಾಡುವವರು ಎರಡನೆಯದನ್ನು ತೆಗೆದುಹಾಕಬೇಕು, ಮೊದಲನೆಯದನ್ನು ಮುಟ್ಟಬಾರದು. ಈ ಎರಡನ್ನು ಬೇರ್ಪಡಿಸುವುದು ಸುಲಭವಲ್ಲವಾದುದರಿಂದ, ಹೊಸದು ಎಷ್ಟೇ ಚೆನ್ನಾಗಿದ್ದರೂ ಹಳೆಯದನ್ನು ಕಳೆಯಕೂಡದು.

ಮೊದಲು ಚಲನೆಯನ್ನು ವಿಚಾರಿಸೋಣ. ಪರದೆಯ ಮೇಲಿನ ಚಲನೆಯು ಚಲನಚಿತ್ರದಲ್ಲಿರುವಂತೆ ಸ್ಥಿರಚಿತ್ರಗಳ ಸಾಲು. 1998ರ ಆಟವು ಜಪಾನ್ ಮತ್ತು ಅಮೆರಿಕಗಳ ಯಂತ್ರಗಳಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 20 ಚಿತ್ರಗಳನ್ನು ಬರೆಯುತ್ತಿತ್ತು. 2011ರದು 30 ಚಿತ್ರಗಳನ್ನು ಬರೆಯುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹಿಂದೆ 50 ಮಿಲಿಸೆಕೆಂಡು, ಈಗ ಸುಮಾರು 33 ಮಿಲಿಸೆಕೆಂಡು. ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಕಾಲವನ್ನು ಚಿತ್ರಗಳ ಎಣಿಕೆಯಿಂದಲೇ ಅಳೆಯುವ ಆಟವೊಂದರಲ್ಲಿ ನಾಯಕನು ಒಂದು ಚಿತ್ರಕ್ಕೆ ಒಂದು ಗೇಣಿನಂತೆ ಓಡುತ್ತಿದ್ದನೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ 20 ಗೇಣು ಓಡುತ್ತಿದ್ದವನು, ಬೇರೇನನ್ನೂ ತಿದ್ದದೆ ಚಿತ್ರಗಳನ್ನು ಮಾತ್ರ 30ಕ್ಕೆ ಏರಿಸಿದರೆ, 30 ಗೇಣು ಓಡುವನು. ಅವನ ವೇಗ ಒಂದೂವರೆ ಪಟ್ಟಾಗುವುದು. ನೆಗೆತ, ಬೀಳುವ ಕಲ್ಲು, ಉರಿಯುವ ದೊಂದಿಯ ಆಯುಸ್ಸು, ಎಲ್ಲವೂ ಕೆಟ್ಟುಹೋಗುವುವು. ಚಿತ್ರಗಳು ನುಣುಪಾದರೂ ಆ ಜಗತ್ತಿನ ಗುರುತ್ವ ಮಾತ್ರ ಮೊದಲಿನಂತೆಯೇ ಇರಬೇಕು. 3ಡಿಎಸ್ ರೂಪದಲ್ಲಿ ಲಿಂಕನ ಓಟವೂ ಕತ್ತಿಯ ಬೀಸೂ ಕೈಗೆ ಪರಿಚಿತವಾಗಿಯೇ ತೋರುತ್ತವೆ. ಕಣ್ಣಿನ ಆಯಾಸವಷ್ಟೇ ಕಡಮೆ. ಉಪಕರಣಕ್ಕೆ ಸೇರಿದ ಕಷ್ಟ ಹೋಯಿತು, ಸಮಸ್ಯೆ ಉಳಿಯಿತು. ಇದನ್ನು ಮೆಚ್ಚಲೇಬೇಕು.

ಈ ಆಟದ ನಿಜವಾದ ಹಿರಿಮೆ ಇರುವುದು ಇನ್ನೊಂದು ಉಪಾಯದಲ್ಲಿ. ಮೂರು ಆಯಾಮಗಳ ಜಗತ್ತನ್ನು ಚಪ್ಪಟೆಯಾದ ಪರದೆಯ ಮೇಲೆ ತೋರಿದಾಗ ಆಳದ ಅಂದಾಜು ಸಿಕ್ಕದು. ಬೀಸಿದ ಕತ್ತಿ ಶತ್ರುವಿನ ಪಕ್ಕದಲ್ಲಿ ಗಾಳಿಯನ್ನು ಕಡಿಯುತ್ತದೆ. ಪರಿಹಾರಕ್ಕಾಗಿ ಯೋಚಿಸುತ್ತಿದ್ದ ನಿರ್ದೇಶಕರ ಬಳಗದವರು ಕ್ಯೋಟೊದಲ್ಲಿರುವ ತೊಯಿ ಚಲನಚಿತ್ರ ಗ್ರಾಮಕ್ಕೆ ಹೋಗಿದ್ದಾಗ ಅಲ್ಲೊಂದು ಕಾಳಗದ ಪ್ರದರ್ಶನವನ್ನು ಕಂಡರು. ಒಬ್ಬನು ಸರಪಳಿ ಕಟ್ಟಿದ ಕುಡುಗೋಲನ್ನು ಎಸೆದು ಎದುರಾಳಿಯ ತೋಳನ್ನು ಸಿಕ್ಕಿಸಿದನು. ಸರಪಳಿ ಬಿಗಿಯಾದೊಡನೆ ಎಸೆದವನು ಎದುರಾಳಿಯ ಸುತ್ತ ವೃತ್ತಾಕಾರವಾಗಿ ಸುತ್ತತೊಡಗಿದನು. ಆಟದಲ್ಲಿ ಗುಂಡಿಯೊಂದನ್ನು ಒತ್ತಿದರೆ ನಾಯಕನಿಗೂ ಶತ್ರುವಿಗೂ ನಡುವೆ ಇಂಥದೇ ಒಂದು ಅದೃಶ್ಯ ಸರಪಳಿ ಬೀಳುತ್ತದೆ. ಗಣಿತ ಓದಿದವರು ಇದನ್ನು ಕೂಡಲೇ ಗುರುತಿಸಬಲ್ಲರು: ಚೌಕುಳಿಯ ನಿರ್ದೇಶಾಂಕಗಳನ್ನು ಬಿಟ್ಟು ಧ್ರುವೀಯ ನಿರ್ದೇಶಾಂಕಗಳಿಗೆ ಬಂದಂತಾಯಿತು. ಹಿಡಿಯನ್ನು ಮುಂದಕ್ಕೆ ಒತ್ತಿದರೆ ತ್ರಿಜ್ಯ ಕುಗ್ಗುತ್ತದೆ. ಪಕ್ಕಕ್ಕೆ ಒತ್ತಿದರೆ ಕೋನ ಬದಲಾಗುತ್ತದೆ. ಕಠಿಣವಾಗಿದ್ದ ಸಮಸ್ಯೆಯೊಂದು ತಕ್ಕ ನಿರ್ದೇಶಾಂಕಗಳಿಂದ ಸರಳವಾಗುವುದನ್ನು ನಾವು ಗ್ರಹಗಳ ಚಲನೆಯ ಪಾಠದಲ್ಲಿ ಕಾಣುತ್ತೇವೆ. ಇಲ್ಲಿ ಹತ್ತು ವರ್ಷದ ಮಗು ಅದನ್ನು ಹೆಬ್ಬೆರಳಿನಿಂದ ಕಾಣುತ್ತದೆ. ಹೊಸ ರೂಪದಲ್ಲಿ ಈ ಸರಪಳಿಯನ್ನು ಬೇರೊಂದು ಗುಂಡಿಗೆ ಕಟ್ಟಿದ್ದಾರೆ. ಸರಪಳಿಯ ಗುಣವನ್ನು ಮಾತ್ರ ಬದಲಿಸಿಲ್ಲ.

ಕೈಯಂತ್ರವು ತಂದ ದೊಡ್ಡ ನಾವೀನ್ಯವೆಂದರೆ ಕನ್ನಡಕವಿಲ್ಲದೆ ಕಾಣುವ ಆಳ. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರವುಂಟು. ಆದುದರಿಂದ ಅವು ಒಂದೇ ವಸ್ತುವಿನ ಎರಡು ಬೇರೆ ಬೇರೆ ನೋಟಗಳನ್ನು ಪಡೆಯುತ್ತವೆ. ಆಳದ ಅರಿವಿಗೆ ಈ ವ್ಯತ್ಯಾಸವೇ ಆಧಾರವೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿದರು. ಅಮೆರಿಕದ ಫ್ರೆಡರಿಕ್ ಐವ್ಸ್ 1903ರಲ್ಲಿ ಹಕ್ಕುಪತ್ರ ಪಡೆದ ಉಪಾಯ ಹೀಗಿದೆ: ಎಡಗಣ್ಣಿನ ಮತ್ತು ಬಲಗಣ್ಣಿನ ಚಿತ್ರಗಳನ್ನು ಕಿರಿದಾದ ಲಂಬಪಟ್ಟಿಗಳಾಗಿ ಸೀಳಿ, ಒಂದಾದಮೇಲೊಂದರಂತೆ ಹೆಣೆದು, ಸಣ್ಣ ಸೀಳುಗಳುಳ್ಳ ತಡೆಯೊಂದರ ಮೂಲಕ ನೋಡಿದರೆ, ಪ್ರತಿಯೊಂದು ಕಣ್ಣಿಗೂ ತನ್ನ ಪಾಲಿನ ಪಟ್ಟಿಗಳು ಮಾತ್ರ ಕಾಣುವುವು. 3ಡಿಎಸ್ ಯಂತ್ರದ ಮೇಲಿನ ಪರದೆ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅಡ್ಡಸಾಲಿನಲ್ಲಿರುವ 800 ಚಿತ್ರಬಿಂದುಗಳಲ್ಲಿ 400 ಎಡಗಣ್ಣಿಗೆ, 400 ಬಲಗಣ್ಣಿಗೆ. ಎಂದಮೇಲೆ ಸೆಕೆಂಡಿಗೆ 30ರಂತೆ ಎರಡು ಕಣ್ಣುಗಳಿಗೂ ಕೂಡಿ ಯಂತ್ರವು 60 ಚಿತ್ರಗಳನ್ನು ಬರೆಯಬೇಕು.

ಹಳ್ಳದ ಅಂಚಿನಲ್ಲಿ ನಿಂತಾಗ ಕೆಳಗಿನ ಆಳವು ನಿಜವಾಗಿಯೂ ಆಳವಾಗಿ ಕಾಣುವುದು ಒಂದು ಸಂತೋಷವೇ ಸರಿ. ಆದರೆ ಸೀಳುಗಳ ಲೆಕ್ಕವು ಕಣ್ಣು ಒಂದು ನಿಯತ ಸ್ಥಾನದಲ್ಲಿದೆಯೆಂಬ ಊಹೆಯ ಮೇಲೆ ನಿಂತಿದೆ. ಯಂತ್ರವನ್ನು ಸ್ವಲ್ಪ ಓರೆಮಾಡಿದರೂ ಎಡಗಣ್ಣಿನ ಪಟ್ಟಿ ಬಲಗಣ್ಣಿಗೆ ಬಿದ್ದು ಚಿತ್ರ ಇಬ್ಬಗೆಯಾಗುತ್ತದೆ. ಇದೇ ಪುನರ್ನಿರ್ಮಾಣದಲ್ಲಿ ಬಿಲ್ಲಿನ ಗುರಿಯನ್ನು ಗೈರೊಸ್ಕೋಪಿನ ಸಹಾಯದಿಂದ, ಯಂತ್ರವನ್ನೇ ಅತ್ತಿತ್ತ ತಿರುಗಿಸಿ ಹಿಡಿಯುವ ಸೌಕರ್ಯವನ್ನೂ ಕೊಟ್ಟಿದ್ದಾರೆ. ಒಂದು ಹೊಸತು ಯಂತ್ರವನ್ನು ಅಲುಗಿಸಬೇಡವೆನ್ನುತ್ತದೆ, ಇನ್ನೊಂದು ಅಲುಗಿಸೆನ್ನುತ್ತದೆ. ಎರಡೂ ಬಿಡಿಯಾಗಿ ಒಳ್ಳೆಯವು, ಕೂಡಿದಾಗ ಜಗಳ. 2014ರಲ್ಲಿ ಬಂದ ಈ ಯಂತ್ರದ ಹೊಸ ಮಾದರಿಯು ಆಟಗಾರನ ಮುಖವನ್ನು ಗಮನಿಸಿ ಚಿತ್ರವನ್ನು ಹೊಂದಿಸಿಕೊಳ್ಳುವ ಏರ್ಪಾಡಿನಿಂದ ಈ ಜಗಳವನ್ನು ಬಹುಮಟ್ಟಿಗೆ ಪರಿಹರಿಸಿತು. ಹಳೆಯ ಕಷ್ಟವೊಂದನ್ನು ಕಳೆಯಹೊರಟ ಉಪಕರಣವು ತನ್ನದೇ ಆದ ಹೊಸ ಕಷ್ಟವನ್ನು ತರಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಆಟದ ಹೆಸರಿನಲ್ಲಿರುವ ಓಕರಿನಾ ಎಂಬುದು ಒಂದು ಊದುವ ವಾದ್ಯ. ಅದರ ಇಂದಿನ ರೂಪವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಟಲಿಯ ಬುದ್ರಿಯೊ ಊರಿನ ಜುಸೆಪ್ಪೆ ದೊನಾತಿ ಎಂಬವರು ಕಂಡುಹಿಡಿದರು. ನಮ್ಮ ಕೊಳಲಿನಲ್ಲಿ ಸ್ವರವನ್ನು ನಿರ್ಧರಿಸುವುದು ರಂಧ್ರದ ಸ್ಥಾನ. ಗಾಳಿಯ ಕಂಬದ ಉದ್ದ ಅದರಿಂದ ಬದಲಾಗುತ್ತದೆ. ಓಕರಿನಾ ಒಂದು ಮುಚ್ಚಿದ ಕುಡಿಕೆ. ಅದರೊಳಗಿನ ಗಾಳಿ ಒಟ್ಟಾಗಿ ಕಂಪಿಸುವುದರಿಂದ ಸ್ವರವು ತೆರೆದ ರಂಧ್ರಗಳ ಒಟ್ಟು ವಿಸ್ತೀರ್ಣವನ್ನು ಅವಲಂಬಿಸುತ್ತದೆ. ರಂಧ್ರವು ಎಲ್ಲಿದೆ ಎಂಬುದು ಬಹುಮಟ್ಟಿಗೆ ಮುಖ್ಯವಲ್ಲ. ಆಟದಲ್ಲಿ ಇದಕ್ಕೆ ಐದು ಗುಂಡಿಗಳು, ಐದು ಸ್ವರಗಳು. ಅತ್ಯಂತ ಕೆಳಗಿನ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಉಳಿದವು ಸಾಧಾರಣ ಗಾಂಧಾರ, ಪಂಚಮ, ಚತುಃಶ್ರುತಿ ಧೈವತ ಮತ್ತು ತಾರಷಡ್ಜಗಳಾಗುತ್ತವೆ. ಈ ನಾಲ್ಕೈದು ಸ್ವರಗಳಿಂದಲೇ ಕೊಂಡೊ ಅವರು ಕಾಲವನ್ನು ಬದಲಿಸುವ, ಮಳೆಯನ್ನು ತರುವ, ಬಾಗಿಲನ್ನು ತೆರೆಯುವ ಹಾಡುಗಳನ್ನು ಕಟ್ಟಿದರು. ಹೊಸ ಯಂತ್ರದಲ್ಲಿ ಹಳೆಯ ಗುಂಡಿಗಳ ವಿನ್ಯಾಸವಿಲ್ಲ. ಸ್ವರಗಳನ್ನು ಬೇರೆ ಗುಂಡಿಗಳಿಗೆ ಹಂಚಿದ್ದಾರೆ. ಹಳೆಯ ಆಟಗಾರನ ಬೆರಳು ಮೊದಲ ದಿನ ತಡವರಿಸುತ್ತದೆ, ಎರಡನೆಯ ದಿನ ಒಗ್ಗಿಕೊಳ್ಳುತ್ತದೆ. ನಿಜವಾದ ಓಕರಿನಾದಂತೆ ಇಲ್ಲಿಯೂ ರಂಧ್ರದ ಸ್ಥಾನ ಬದಲಾದರೂ ಸ್ವರ ಕೆಡಲಿಲ್ಲ.

ಇನ್ನು ವಿವಾದದ ಸ್ಥಳಕ್ಕೆ ಬರೋಣ. ಆಟದಲ್ಲಿ ಜಲದೇಗುಲವೆಂಬ ಒಂದು ಭಾಗವುಂಟು. ಅದರ ಹೆಸರನ್ನು ಕೇಳಿದರೆ ಹಳೆಯ ಆಟಗಾರರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ನಡುವೆ ಒಂದು ಗೋಪುರ, ಸುತ್ತಲೂ ಕೋಣೆಗಳು. ನೀರನ್ನು ಮೂರು ಮಟ್ಟಗಳಿಗೆ ಏರಿಸಿ ಇಳಿಸಿ ದಾರಿ ಮಾಡಿಕೊಳ್ಳಬೇಕು. ನೀರಿನ ತಳಕ್ಕೆ ಇಳಿಯಬೇಕಾದರೆ ಕಬ್ಬಿಣದ ಪಾದರಕ್ಷೆಗಳನ್ನು ತೊಡಬೇಕು, ಮೇಲಕ್ಕೆ ಬರಬೇಕಾದರೆ ಕಳಚಬೇಕು. 1998ರ ರೂಪದಲ್ಲಿ ಒಂದೊಂದು ಸಲ ತೊಡುವುದಕ್ಕೂ ಕಳಚುವುದಕ್ಕೂ ಆಟವನ್ನು ನಿಲ್ಲಿಸಿ, ಪಟ್ಟಿಯನ್ನು ತೆರೆದು, ಆರಿಸಿ, ಮುಚ್ಚಬೇಕಾಗಿತ್ತು. ದೇಗುಲಗಳ ವಿನ್ಯಾಸವನ್ನು ನೋಡಿಕೊಂಡಿದ್ದ ಐಜಿ ಅವೊನುಮಾ ಅವರಿಗೇ ಇದು ಸರಿದೋರಿರಲಿಲ್ಲ. ಹೊಸ ರೂಪದಲ್ಲಿ ಸ್ಪರ್ಶಪರದೆಯನ್ನು ಒಮ್ಮೆ ಮುಟ್ಟಿದರೆ ಸಾಕು. ಪಾದರಕ್ಷೆಯನ್ನು ತೊಡುವ ತೊಡಕಿಗೂ ನೀರಿನ ಒಗಟಿಗೂ ಸಂಬಂಧವಿಲ್ಲವಾದುದರಿಂದ ಈ ತಿದ್ದುಪಡಿಯನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ.

ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ನೀರಿನ ಮಟ್ಟವನ್ನು ಬದಲಿಸುವ ಸ್ಥಳಗಳಿಗೆ ದಾರಿ ತೋರುವಂತೆ ಗೋಡೆಗಳ ಉದ್ದಕ್ಕೂ ಬಣ್ಣದ ಗೆರೆಗಳನ್ನೆಳೆದರು. ಇದನ್ನು ನಾನು ಒಪ್ಪಲಾರೆ. ಮೂರು ಅಂತಸ್ತುಗಳ ಕಟ್ಟಡವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ನೀರು ಈ ಮಟ್ಟಕ್ಕೆ ಬಂದರೆ ಯಾವ ಬಾಗಿಲು ಎಟಕುವುದು, ಯಾವುದು ಮುಳುಗುವುದು ಎಂದು ಊಹಿಸುವುದೇ ಆ ದೇಗುಲದ ಸಮಸ್ಯೆ. ಗೆರೆಯನ್ನು ಅನುಸರಿಸಿದವನು ದಾರಿಯನ್ನು ಮುಟ್ಟುತ್ತಾನೆ. ಕಟ್ಟಡ ಅವನ ಮನಸ್ಸಿನಲ್ಲಿ ಏಳುವುದಿಲ್ಲ. ಆಟದ ಬೇರೆಡೆಗಳಲ್ಲಿ ಸುಳಿವು ಕೊಡುವ ಕಲ್ಲುಗಳನ್ನೂ ಸೇರಿಸಿದ್ದಾರೆ. ಅವಕ್ಕೆ ನನ್ನ ಆಕ್ಷೇಪವಿಲ್ಲ. ಬೇಕೆಂದವನು ಹೋಗಿ ಕೇಳಬಹುದು, ಬೇಡವೆಂದವನು ಬಿಡಬಹುದು. ಗೋಡೆಯ ಗೆರೆಯಾದರೋ ಕೇಳದವನ ಕಿವಿಯಲ್ಲಿಯೂ ಉತ್ತರವನ್ನು ಉಸುರುತ್ತದೆ.

ದೋಷಗಳ ವಿಷಯದಲ್ಲಿ ಇದೇ ಬಳಗವು ತೋರಿದ ವಿವೇಕವನ್ನು ಇದರ ಜೊತೆಗಿಟ್ಟು ನೋಡಬೇಕು. ಹಳೆಯ ಕ್ರಮವಿಧಿಯಲ್ಲಿ ನಿರ್ಮಾಪಕರು ಉದ್ದೇಶಿಸದ ಕೆಲವು ವಿಚಿತ್ರ ನಡವಳಿಕೆಗಳಿದ್ದುವು. ಅವನ್ನು ಅಳಿಸುವುದು ಕ್ರಮವಿಧಿ ಬರೆಯುವವರ ಸಹಜವಾದ ಆಸೆ. ಆದರೆ ಆಟವನ್ನು ಬಾಲ್ಯದಲ್ಲಿ ಆಡಿದ್ದ ಸಹೋದ್ಯೋಗಿಗಳು, ಗೆಳೆಯರು ಒಬ್ಬರಿಗೊಬ್ಬರು ಹೇಳಿ ನಲಿಯುತ್ತಿದ್ದುದು ಇವನ್ನೇ ಎಂದು ವಾದಿಸಿದುದರಿಂದ, ಆಟವನ್ನು ಕೆಡಿಸದ ಕೆಲವನ್ನು ಹಾಗೆಯೇ ಉಳಿಸಲಾಯಿತೆಂದು ನಿರ್ಮಾಣದ ಬಳಗದವರು 2011ರಲ್ಲಿ ನಿಂಟೆಂಡೊ ಅಧ್ಯಕ್ಷರಾಗಿದ್ದ ಸತೊರು ಇವಾಟಾ ಅವರೊಡನೆ ನಡೆದ ಪ್ರಕಟಿತ ಸಂಭಾಷಣೆಯಲ್ಲಿ ತಿಳಿಸಿದ್ದಾರೆ. ನಿರ್ಮಾಪಕನು ದೋಷವೆಂದುದನ್ನು ಆಟಗಾರನು ಶೋಧನೆಯೆಂದು ಪರಿಗಣಿಸಬಹುದು. ಯಾವುದು ಸಮಸ್ಯೆಗೆ ಸೇರಿದುದು, ಯಾವುದು ಉಪಕರಣಕ್ಕೆ ಸೇರಿದುದು ಎಂಬ ತೀರ್ಪು ನಿರ್ಮಾಪಕನೊಬ್ಬನ ಕೈಯಲ್ಲಿಲ್ಲವೆಂಬುದು ಇದರಿಂದ ಸ್ಪಷ್ಟ.

ತೀರ್ಪು ತಪ್ಪಬಹುದಾದಲ್ಲಿ ಮೂಲವು ನಮ್ಮ ಕೈಗೆ ದೊರೆಯುವಂತಿರಬೇಕು. ನಮ್ಮ ಗ್ರಂಥಸಂಪಾದಕರು ಓಲೆಗರಿಯ ಪ್ರತಿಗಳನ್ನು ಹೋಲಿಸಿ, ತಾವು ಒಪ್ಪಿದ ಪಾಠವನ್ನು ಮೇಲೆ ಅಚ್ಚುಹಾಕಿಸಿ, ಬಿಟ್ಟ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಮುಂದೆ ಬಂದ ವಿದ್ವಾಂಸನು ಅವರ ತೀರ್ಪನ್ನು ಪರೀಕ್ಷಿಸಬಲ್ಲನು. ಆಟಗಳಲ್ಲಿಯೂ ಪಾಠಾಂತರಗಳುಂಟು. ಇದೇ ಆಟದ ಮೊದಲ ಮುದ್ರಣಗಳಲ್ಲಿ ಅಗ್ನಿದೇಗುಲದಲ್ಲಿ ಕೇಳಿಬರುತ್ತಿದ್ದ ಪ್ರಾರ್ಥನೆಯ ದನಿ ಮುಂದಿನ ಮುದ್ರಣದಲ್ಲಿ ಇಲ್ಲ. 2021ರ ಅಕ್ಟೋಬರಿನಲ್ಲಿ ಮೂಲರೂಪವನ್ನೇ ನಿಂಟೆಂಡೊ ಸ್ವಿಚ್ ಯಂತ್ರದ ಚಂದಾದಾರರಿಗೆ ಒದಗಿಸಿದಾಗ ಜಲದೇಗುಲದ ಒಂದು ಕೋಣೆಯಲ್ಲಿ ಇರಬೇಕಾಗಿದ್ದ ಮಂಜು ಇರಲಿಲ್ಲ. ಹಳೆಯ ಆಟಗಾರರು ಅದನ್ನು ಕೂಡಲೇ ಗುರುತಿಸಿದರು. ಆಮೇಲೆ ಅದನ್ನು ತಿದ್ದಲಾಯಿತು. ಮೂಲವನ್ನು ಕಂಡವರು ಇಲ್ಲದಿದ್ದರೆ ಮಂಜು ಕಾಣೆಯಾದುದೇ ತಿಳಿಯುತ್ತಿರಲಿಲ್ಲ.

ಪುನರ್ನಿರ್ಮಾಣವೂ ಶಾಶ್ವತವಲ್ಲ. 3ಡಿಎಸ್ ಯಂತ್ರದ ಅಂತರಜಾಲದ ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವುದು 2023ರ ಮಾರ್ಚ್ 27ರಂದು ನಿಂತುಹೋಯಿತು. 2011ರಲ್ಲಿ ಹೊಸದೆನಿಸಿದ್ದುದು ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಹುಡುಕಬೇಕಾದ ವಸ್ತು. ಇದು ಒಂದೇ ಆಟದ ಪಾಡಲ್ಲ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಮಾರಾಟದಲ್ಲಿರಲಿಲ್ಲ. ಇಂಥ ಆಟಗಳನ್ನು ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ವಿನಾಯಿತಿ ಬೇಕೆಂದು ಕೇಳಿದಾಗ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯು 2024ರಲ್ಲಿ ಅದಕ್ಕೆ ಒಪ್ಪಲಿಲ್ಲ. ಹಕ್ಕುದಾರರ ಆತಂಕ ನಿರಾಧಾರವಾದುದೆಂದು ನಾನು ಹೇಳಲಾರೆ. ಮಾರಾಟಕ್ಕೆ ಉಳಿದಿರುವ ವಸ್ತುವನ್ನು ಪುಕ್ಕಟೆಯಾಗಿ ಹಂಚಿದರೆ ಅವರಿಗೆ ನಷ್ಟವಾಗುವುದು ನಿಜ. ಆದರೆ ತಾವೂ ಮಾರದೆ, ಗ್ರಂಥಾಲಯಕ್ಕೂ ಕೊಡದೆ ಇರಿಸಿಕೊಂಡ ಕೃತಿಯು ಯಾರಿಗೂ ಸಲ್ಲದೆ ನಶಿಸುತ್ತದೆ. ಪುಸ್ತಕಕ್ಕೆ ನಾವು ಒಪ್ಪದ ಈ ಗತಿಯನ್ನು ಆಟಕ್ಕೆ ಒಪ್ಪಬೇಕಾದ ಕಾರಣ ನನಗೆ ಕಾಣದು.

ಹಳೆಯದನ್ನು ಮುಟ್ಟಲೇಬಾರದೆನ್ನುವವರು ಕಬ್ಬಿಣದ ಪಾದರಕ್ಷೆಯ ತೊಡಕನ್ನೂ ಪವಿತ್ರವೆಂದು ಪೂಜಿಸುತ್ತಾರೆ. ಹೊಸದು ಬಂದಮೇಲೆ ಹಳೆಯದೇಕೆ ಎನ್ನುವವರು ಬಣ್ಣದ ಗೆರೆಯಿಂದ ತಾವೇನು ಕಳೆದುಕೊಂಡರೆಂಬುದನ್ನು ಅರಿಯಲಾರರು. ವಿದ್ಯಾರ್ಥಿಗಳಾದ ನಿಮಗೆ ನನ್ನ ಸೂಚನೆ ಇಷ್ಟೆ. ನೀವು ಮೆಚ್ಚಿದ ಯಾವುದಾದರೂ ಹಳೆಯ ಆಟದ ಹೊಸ ರೂಪವು ನಿಮ್ಮ ಕೈಗೆ ಬಂದರೆ, ನ್ಯಾಯವಾದ ಮಾರ್ಗದಲ್ಲಿ ಮೂಲವೂ ದೊರೆಯುವಂತಿದ್ದರೆ, ಎರಡನ್ನೂ ಆಡಿ ನೋಡಿ. ಪ್ರಯೋಗದ ಪುಸ್ತಕದಲ್ಲಿ ಬರೆಯುವಂತೆ ಎರಡು ಅಂಕಣಗಳನ್ನು ಮಾಡಿ: ಸುಲಭವಾದುದು ಯಾವುದು, ಸುಲಭವಾದಾಗ ಕಳೆದುಹೋದುದು ಯಾವುದು. ಮುಂದೆ ನಿಮ್ಮಲ್ಲಿ ಕೆಲವರು ಕ್ರಮವಿಧಿಗಳನ್ನು ಬರೆಯುವಿರಿ, ಕೆಲವರು ಪಾಠ ಹೇಳುವಿರಿ, ಕೆಲವರು ಯಂತ್ರಗಳನ್ನು ಕಟ್ಟುವಿರಿ. ಇತರರ ದಾರಿಯಿಂದ ಕಷ್ಟವನ್ನು ತೆಗೆಯುವ ಕೆಲಸ ನಿಮ್ಮೆಲ್ಲರ ಪಾಲಿಗೂ ಬರುವುದು. ಆ ಕಷ್ಟವು ಯಾವ ಅಂಕಣಕ್ಕೆ ಸೇರಿದುದೆಂದು ಮೊದಲು ನೋಡಿಕೊಳ್ಳುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳುವುದು ಲೇಸು.